ನಡೆದು ಬಂದ ಸುಂಕ

"ಗುರುಗಳೇ, ಆಸೆ ಪಟ್ಟವನು ಮೋಸ ಹೋಗುತ್ತಾನೆ ಎಂದು ನೀವೇ ಹೇಳಿದ್ದೀರಿ. ಏನೂ ಆಸೆ ಪಡದವನು ಯಾಕೆ ಮೋಸ ಹೋಗುತ್ತಾನೆ?"

ಕೇಳಿದವನು ಚನ್ನವೀರ. ಬಾಡಿಗೆಗೆ ಟೆಂಪೊ ಓಡಿಸುವವನು. ಸೋಮವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಹತ್ತಿರ ಸ್ವಲ್ಪ ಹೊತ್ತು ಕೂತು ಹೋಗುತ್ತಿದ್ದ. ಈ ಸಲ ಗುರುವಾರವೇ ಬಂದಿದ್ದ.

"ಯಾರಪ್ಪ ಮೋಸ ಹೋದವರು?"

"ನನಗೆ ಗೊತ್ತಿರುವ ಒಬ್ಬ. ಸೋಮವಾರ ಅವನ ಫೋನಿಗೆ ಒಂದು ಮೆಸೇಜು ಬಂತು. ನಿಮ್ಮ ಗಾಡಿಯ ಟೋಲು ನಲವತ್ತೆಂಟು ರೂಪಾಯಿ ಬಾಕಿ ಇದೆ, ಇವತ್ತೇ ಕಟ್ಟದಿದ್ದರೆ ಗಾಡಿ ಹಿಡೀತೀವಿ ಅಂತ. ಕೆಳಗಿದ್ದ ಲಿಂಕು ಒತ್ತಿದ. ಕಾರ್ಡಿನ ನಂಬರು ಕೇಳಿತು, ಕೊಟ್ಟ. ಓಟಿಪಿ ಕೇಳಿತು, ಅದನ್ನೂ ಕೊಟ್ಟ. ಮಗಳ ನರ್ಸಿಂಗ್ ಕಾಲೇಜಿಗೆ ಅಂತ ಇಟ್ಟಿದ್ದ ಅರವತ್ತು ಸಾವಿರ ಹೋಯಿತು. ಯಾರ ದುಡ್ಡಿಗೂ ಕೈ ಚಾಚಿದವನಲ್ಲ ಗುರುಗಳೇ ಅವನು."

ಗುರುಗಳು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಎಂಟು ಎತ್ತುಗಳ ಮೇಲೆ ಬೆಲ್ಲ ಹೇರಿಕೊಂಡು ಘಟ್ಟ ಇಳಿಯುತ್ತಿದ್ದ, ಉಪ್ಪು ಹೇರಿಕೊಂಡು ಹತ್ತುತ್ತಿದ್ದ. ಊರಿನ ಹನ್ನೆರಡು ಮನೆಯವರು ಉಪ್ಪಿಗೆಂದು ಅವನ ಕೈಗೆ ಮುಂಗಡ ಹಣ ಕೊಡುತ್ತಿದ್ದರು. ದಾರಿಖರ್ಚಿನ ಚಿಲ್ಲರೆ ಅವನ ಸೊಂಟದ ಚೀಲದಲ್ಲಿರುತ್ತಿತ್ತು. ಹನ್ನೆರಡು ಮನೆಯ ಹಣವನ್ನು ಮಾತ್ರ ಮುಂದಿನ ಎತ್ತಿನ ಬೆನ್ನ ಮೇಲಿನ ಮೆತ್ತೆಯೊಳಗೆ ಇಟ್ಟು ಹೊಲಿಯುತ್ತಿದ್ದ. ಆ ಹೊಲಿಗೆಯನ್ನು ಉಪ್ಪಿನ ಅಂಗಳದಲ್ಲಿ ಮಾತ್ರ ಬಿಚ್ಚಬೇಕು. ಇದು ಅವನ ಅಪ್ಪ ಹೇಳಿಕೊಟ್ಟ ಪಾಠ.

ಘಟ್ಟದ ಬಾಯಲ್ಲಿ ಸುಂಕದ ಕಟ್ಟೆ. ಸುಂಕ ಕೊಟ್ಟವರ ಮುಂದಿನ ಎತ್ತಿನ ಕೊರಳಿಗೆ ಸುಂಕದವನು ಅರಿಸಿನದ ನೂಲು ಕಟ್ಟುತ್ತಿದ್ದ. ಆ ದಿನವೂ ವ್ಯಾಪಾರಿ ಎಂಟು ಎತ್ತಿನ ಸುಂಕ ಕೊಟ್ಟ, ನೂಲು ಕಟ್ಟಿಸಿಕೊಂಡ, ಹೊರಟ.

ಎರಡು ಹರದಾರಿ ನಡೆದಿರಬಹುದು. ಹಿಂದಿನಿಂದ ಒಬ್ಬ ಏದುಸಿರು ಬಿಡುತ್ತ ಓಡಿ ಬಂದ. ತಲೆಗೆ ಕಟ್ಟೆಯವರ ಹಾಗೆಯೇ ಕೆಂಪು ರುಮಾಲು. "ಎಂಟು ಎತ್ತು ಹೋಗಿವೆ, ಏಳಕ್ಕೇ ಸುಂಕ ಬಂದಿದೆ. ಒಂದು ಹಣ ಬಾಕಿ. ಈಗಲೇ ಕೊಡದಿದ್ದರೆ ಎತ್ತು ಹಿಡೀತಾರೆ. ಸಂತೆಯಲ್ಲಿ ಸುಂಕಗಳ್ಳ ಅಂತ ಡಂಗುರ ಹೊಡೆಸ್ತಾರೆ" ಅಂದ.

ಜುಗ್ಗನಾಗಿದ್ದರೆ ಆ ಒಂದು ಹಣಕ್ಕೆ ದಾರಿಯಲ್ಲೇ ಕೂತು ಹೊತ್ತು ಮುಳುಗುವ ತನಕ ಜಗಳವಾಡುತ್ತಿದ್ದ. ಜುಗ್ಗತನವೇ ಅವನನ್ನು ಕಾಯುತ್ತಿತ್ತು. ನಮ್ಮ ವ್ಯಾಪಾರಿ ಪಾಪ, ಮರ್ಯಾದಸ್ಥ. ಮೂರು ತಲೆಮಾರಿನಲ್ಲಿ ಯಾರೂ ಸುಂಕ ಉಳಿಸಿಕೊಂಡವರಲ್ಲ. ಸುಂಕಗಳ್ಳ ಎಂಬ ಮಾತು ಕಿವಿಗೆ ಬಿದ್ದದ್ದೇ ಮುಖ ಸುಟ್ಟ ಹಾಗಾಯಿತು. ಸೊಂಟದ ಚೀಲ ತಡವಿದ. ಅದರಲ್ಲಿ ಬರೀ ಕಾಸುಗಳಿದ್ದವು, ಎಲ್ಲ ಕೂಡಿಸಿದರೂ ಒಂದು ಹಣದ ನಾಣ್ಯಕ್ಕೆ ಸಾಲದು. ನಡುದಾರಿಯಲ್ಲಿ ನಿಂತು, ಬಂದವನ ಕಣ್ಣೆದುರಿಗೇ ಮೆತ್ತೆಯ ಹೊಲಿಗೆ ಬಿಚ್ಚಿದ, ಒಂದು ಹಣ ತೆಗೆದುಕೊಟ್ಟ, ಮತ್ತೆ ಹೊಲಿದ. ತಪ್ಪಾಯಿತೆಂದು ಕೈಯನ್ನೂ ಮುಗಿದ.

ಮಧ್ಯಾಹ್ನ ಕೆರೆಯ ಹತ್ತಿರ ಹೇರು ಇಳಿಸಿ ಎತ್ತುಗಳಿಗೆ ನೀರು ಕುಡಿಸಿ ಬಂದ. ಎಂಟು ಮೆತ್ತೆಗಳಲ್ಲಿ ಏಳು ಇದ್ದವು.

ಅವನು ಎತ್ತುಗಳನ್ನು ತಿರುಗಿಸಿಕೊಂಡು ಕಟ್ಟೆಗೆ ಓಡಿದ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂದು ಗಾದೆಯೇ ಇದೆ. ಆ ದಿನ ಗಾದೆ ಸುಳ್ಳಾಯಿತು. ಸುಂಕದವನು ಕೊನೆಯ ತನಕ ಕೇಳಿಸಿಕೊಂಡ.

"ಇಪ್ಪತ್ತು ವರ್ಷದಿಂದ ಈ ಕಲ್ಲಿನ ಮೇಲೆ ಕೂತಿದೀನಿ ಕಣಯ್ಯ" ಅಂದ. "ಒಂದು ದಿನವಾದರೂ ಎದ್ದು ಯಾರ ಹಿಂದಾದರೂ ಓಡಿದ್ದು ನೋಡಿದೀಯಾ? ನಿನ್ನ ಎತ್ತು ಉಪ್ಪು ಹೊತ್ತು ಇದೇ ದಾರೀಲಿ ತಾನೇ ವಾಪಸ್ ಬರಬೇಕು? ಬಾಕಿ ಇದ್ದಿದ್ದರೆ ಆಗ ಕೇಳ್ತಿದ್ದೆ. ನನಗೇನು ಅವಸರ? ನಿನ್ನ ಎತ್ತಿನ ಕೊರಳಲ್ಲೇ ನೂಲಿತ್ತು. ಅದನ್ನಾದರೂ ನೋಡಬಾರದಿತ್ತಾ?"

"ನಾಚಿಕೆ ಆಗಿಬಿಡ್ತು ಸ್ವಾಮಿ" ಅಂದ ವ್ಯಾಪಾರಿ. "ನೂಲು ಕಣ್ಣಿಗೇ ಬೀಳಲಿಲ್ಲ."

ಸುಂಕದವನು ಬೈಯಲಿಲ್ಲ. ಕೆಳಗಿನ ಕಟ್ಟೆಗಳಿಗೆಲ್ಲ ಆಗಲೇ ಆಳು ಓಡಿಸಿದ.

ವ್ಯಾಪಾರಿ ಊರಿಗೆ ಹಿಂತಿರುಗಿದ. ಬಾವಿಗೆ ಹಾರಿಬಿಡಲೇ ಎಂದೂ ದಾರಿಯಲ್ಲಿ ಅವನಿಗೆ ಅನಿಸಿತ್ತು. ಆದರೂ ಅಂದು ಸಂಜೆಯೇ ಹನ್ನೆರಡು ಮನೆಯ ಬಾಗಿಲನ್ನೂ ತಟ್ಟಿ, ನಡೆದದ್ದನ್ನು ನಡೆದ ಹಾಗೆಯೇ ಹೇಳಿದ. ಕೆಲವರು ಬೈದರು. ಒಬ್ಬ ಮುದುಕಿ ಮೊದಲು ಕೂರಿಸಿ ಮಜ್ಜಿಗೆ ಕೊಟ್ಟಳು, ಬೈದದ್ದು ಆಮೇಲೆ.

ಎಂಟು ದಿನ ಕಳೆದ ಮೇಲೆ ಅದೇ ಹನ್ನೆರಡು ಮನೆಗಳಲ್ಲಿ ಒಂದರ ರೈತ ಎತ್ತು ಹೊಡೆದುಕೊಂಡು ಘಟ್ಟ ಇಳಿಯುತ್ತಿದ್ದ. ಕೆಂಪು ರುಮಾಲಿನವನು ಓಡಿ ಬಂದು ಒಂದು ಹಣ ಬಾಕಿ ಅಂದ. ರೈತ ಎತ್ತಿನ ಕೊರಳಿನ ನೂಲು ಮುಟ್ಟಿ ನೋಡಿಕೊಂಡ. "ಇದ್ದರೂ ಇರಬಹುದು. ನಡಿ, ಕಟ್ಟೆಗೇ ಹೋಗೋಣ, ಅಲ್ಲೇ ಕೊಡ್ತೀನಿ" ಅಂದ. ರುಮಾಲಿನವನು ಹತ್ತು ಹೆಜ್ಜೆ ಜೊತೆಗೆ ಬಂದ, ಹನ್ನೊಂದನೆಯದಕ್ಕೆ ಪೊದೆಯೊಳಗೆ ನುಗ್ಗಿ ಓಡಿದ. ಕೆಳಗಿನ ಕಟ್ಟೆಯವರು ಅವನಿಗಾಗಿಯೇ ಕಾದಿದ್ದರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಚನ್ನವೀರ ಗುರುಗಳ ಹತ್ತಿರಕ್ಕೆ ಜರುಗಿದ. ಅವನು ಕೇಳಬೇಕೆಂದಿದ್ದದ್ದು ಒಂದೇ ಮಾತು.

"ಹಣ ಸಿಕ್ಕಿತೇ ಗುರುಗಳೇ?"

"ಅರ್ಧ ಸಿಕ್ಕಿತು. ಅಂದೇ ಹೇಳಿದ್ದಕ್ಕೆ ಅಷ್ಟಾದರೂ ಸಿಕ್ಕಿತು."

ಚನ್ನವೀರ ಬೆರಳು ಮಡಿಸಿ ದಿನ ಎಣಿಸಿದ. ಮೂರು ದಿನವಾಗಿತ್ತು. ಮಗಳು ಕಾಲೇಜಿನ ಫೀಸು ಕೇಳಿದಾಗಲೆಲ್ಲ ನಾಳೆ ಕಟ್ಟೋಣ ಅಂದಿದ್ದ. ಬ್ಯಾಂಕಿನ ಮುಂದೆ ಎರಡು ಸಲ ಟೆಂಪೊ ನಿಲ್ಲಿಸಿ, ಇಳಿಯದೆ ಮುಂದೆ ಹೋಗಿದ್ದ. ಎಲ್ಲರ ಮುಂದೆ ದಡ್ಡನಾಗುತ್ತೇನೆ ಎಂಬ ಭಯಕ್ಕೆ ಹೆಂಡತಿಯ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಗುರುಗಳು ಅವನ ಬೆನ್ನ ಮೇಲೆ ಕೈ ಇಟ್ಟು ಹೇಳಿದರು:

"ಅವನಿಗೆ ತಟ್ಟಲು ಹನ್ನೆರಡು ಬಾಗಿಲಿದ್ದವು ಚನ್ನವೀರ, ನಿನಗಿರುವುದು ನಿನ್ನ ಮನೆಯದೊಂದೇ."