ಕೌದಿಯ ಹೊಟ್ಟೆ

“ಕೌದಿ ಇಬ್ಬರಿಗೂ ಕೊಡ್ರಿ. ಒಬ್ಬಾಕಿಗೇ ಕೊಡಬ್ಯಾಡ್ರಿ.”

ನನ್ನ ಹೆಂಡತಿ ಕಾಶವ್ವ ಸಾಯುವ ಮುನ್ನ ಆಡಿದ ಕಡೆಯ ಮಾತು ಇದು. ಹೆಣ್ಣುಮಕ್ಕಳು ಇಬ್ಬರು. ಕೌದಿ ಒಂದು. ತನ್ನ ಹಳೇ ಸೀರೆಗಳನ್ನು ಹರಿದು ಅವಳೇ ಹೊಲಿದದ್ದು.

ಅವಳ ದಿನಕಾರ್ಯ ಮುಗಿದ ಮೇಲೆ ಸಣ್ಣಾಕಿ ಭೋರವ್ವ ಅಂದಳು, “ಅಕ್ಕಗ ಕೊಟ್ರ ನಾ ಇನ್ನ ಈ ಹೊಸ್ತಲಾ ತುಳ್ಯಾಂಗಿಲ್ಲಪ್ಪ.” ದೊಡ್ಡಾಕಿ ಸುಗಲವ್ವ ಕೌದಿಯ ಕಡೆ ನೋಡದೆ ತನ್ನೂರಿಗೆ ಹೊರಟಳು. ಅದಕ್ಕೇ ನನಗೆ ಹೆಚ್ಚು ಅಂಜಿಕೆ. ಅಮಾವಾಸ್ಯೆಗೆ ಇಬ್ಬರೂ ಬರುವವರಿದ್ದರು.

ನಾನು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಸೀಳುವವನು. ಪದರು ನೋಡಿ ಉಳಿ ಇಟ್ಟರೆ ಒಂದು ಕಲ್ಲು ಎರಡಾಗುತ್ತದೆ. ಎರಡೂ ಇಡಿ ಕಲ್ಲೇ. ಕೌದಿಗೆ ಅಂಥ ಪದರಿಲ್ಲ. ಸಾಲಿ ಮಾಸ್ತರರನ್ನು ಕೇಳಿದೆ. ಒಂದನ್ನು ಎರಡರಿಂದ ಭಾಗಿಸಿದರೆ ಅರ್ಧ ಅಂದರು. ಹೊಲದ ಪಾಲು ಮಾಡಿಸುವ ಹಿರಿಯರು, ಕೌದಿ ಒಬ್ಬಾಕಿಗೆ, ತಾಮ್ರದ ಕೊಡ ಇನ್ನೊಬ್ಬಾಕಿಗೆ ಅಂದರು. ಎಲ್ಲರದೂ ಖರೆ. ಆದರೂ ನಾನು ಕತ್ತರಿ ಕೈಗೆತ್ತಿಕೊಳ್ಳಲಿಲ್ಲ.

ನಮ್ಮ ಕಡೆ ಕೌದಿಯ ನಟ್ಟನಡುವೆ ರೊಟ್ಟಿಯ ಚೂರು ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಬರಿದಿರಬಾರದು. ಹಸಿದ ಕೌದಿ ಹೊದ್ದವರ ಮನೆಯಲ್ಲಿ ಹಿಟ್ಟು ನಿಲ್ಲುವುದಿಲ್ಲ ಅನ್ನುತ್ತಾರೆ. ಕತ್ತರಿಸಿದರೆ ಆ ಚೂರು ಯಾರ ಪಾಲಿಗೆ? ಹಸಿದದ್ದನ್ನು ಯಾವ ಮಗಳಿಗೆ ಕೊಡಲಿ?

ಅಮಾವಾಸ್ಯೆಯ ಹಿಂದಿನ ದಿನ ತಂಗೆವ್ವ ತಾಯಿಯವರ ಹತ್ತಿರ ಹೋದೆ. ಅವರ ಮಹಿಮೆಯನ್ನು ಬಲ್ಲವರು ಬಹಳ ಹೇಳುತ್ತಾರೆ. ನಾನು ಕಂಡದ್ದು ಇಷ್ಟೇ. ಆ ಪುಣ್ಯಾತ್ಮರು ಊರ ಹೊರಗೆ ಹಳೇ ಸುಣ್ಣದ ಗೂಡಿನ ಪಕ್ಕ, ತಗಡಿನ ಮಾಡಿನ ಕೆಳಗೆ ವಾಸವಾಗಿದ್ದರು. ಹುಣಸೆಹಣ್ಣಿನ ಬೀಜ ತೆಗೆಯುತ್ತ ಕುಳಿತಿದ್ದರು. ಕೌದಿಯನ್ನು ಅವರ ಪಾದದ ಹತ್ತಿರ ಇಟ್ಟು ಎಲ್ಲ ಹೇಳಿದೆ.

ತಾಯಿಯವರು ಅದರ ಮೇಲೆ ಕೈಯಾಡಿಸಿದರು. “ಇದ್ರಾಗ ಧಾರಿ ಸೀರಿನೂ ಐತೇನೋ ಪರಪ್ಪ?”

“ಐತ್ರೆವ್ವ.”

“ಅದನ್ನ ಹರಿಯೂ ಮುಂದ ಕಾಶವ್ವ ಅತ್ತಳೇನು?”

“ಇಲ್ರೆವ್ವ. ನಗಾಕತ್ತಿದ್ಲು. ‘ಮದುವಿ ದಿನ ಮೈಯೆಲ್ಲ ಚುಚ್ಚಿತ್ತು ಇದು, ಈಗ ಮೆತ್ತಗಾಗೈತಿ, ನಿಮ್ಮಂಗಲ್ಲ’ ಅಂದ್ಲು.”

ತಾಯಿಯವರೂ ನಕ್ಕರು. ಆಮೇಲೆ ಅಂದರು, “ಹರಿಯೂದು ಪಾಪ ಅಲ್ಲಪಾ. ಹರಿದು ಹೊಲೀದಂಗ ಬಿಡೂದು ಪಾಪ. ಬರಿದಾದ ಹೊಟ್ಟಿಗೆ ನೀನ ರೊಟ್ಟಿ ಇಡು.”

“ನನಗ ಸೂಜಿ ಹಿಡಿಯಾಕ ಬರಾಂಗಿಲ್ರೆವ್ವ.”

“ಅಕಿ ಹುಟ್ಟೂ ಮುಂದ ಕಲ್ತು ಬಂದಿದ್ಲೇನು?”

ಮತ್ತೆ ಹುಣಸೆಹಣ್ಣಿನ ಕಡೆ ತಿರುಗಿದರು. ನಾನು ನಮಸ್ಕರಿಸಿ ಎದ್ದೆ.

ಮರುದಿನ ಮುಂಜಾನೆ ಒಲೆ ಹಚ್ಚಿ ರೊಟ್ಟಿ ಬಡಿದೆ. ಸೊಟ್ಟ ಆಯಿತು. ಕೌದಿ ಹಾಸಿ ನಟ್ಟನಡುವೆಯೇ ಕತ್ತರಿಸಿದೆ. ಒಳಗಿನ ಚೂರು ಪುಡಿಯಾಗಿತ್ತು. ಆ ಪುಡಿಯನ್ನೂ ನನ್ನ ರೊಟ್ಟಿಯ ಚೂರನ್ನೂ ಎರಡೂ ಪಾಲಿನಲ್ಲಿ ಇಟ್ಟು ಹೊಲಿಯಲು ಕೂತೆ. ಅಷ್ಟರಲ್ಲಿ ಸುಗಲವ್ವ ಬಂದಳು. ನನ್ನ ಕೈಯ ಸೂಜಿ ನೋಡಿ ಬಾಗಿಲಲ್ಲೇ ನಿಂತಳು.

“ಇದು ನಿಂದು, ನಾ ಹೊಲೀತೀನಿ,” ಅಂದೆ. “ಅದು ತಂಗೀದು. ನೀ ಹೊಲಿ.”

ಇನ್ನೊಂದು ಸೂಜಿಗೆ ದಾರ ಪೋಣಿಸಿ ಅವಳ ಕೈಗೆ ಕೊಟ್ಟೆ.