ದೊರೆಯ ರಕ್ತದಲ್ಲಿ ಕಂಡ ಗುರುತು

"ಕೇಳಿರಯ್ಯಾ ಕೇಳಿರಿ! ದೊರೆ ಬಿಜ್ಜರಸರಿಗೆ ಕೆಟ್ಟ ಕಾಯಿಲೆಯ ಅನುಮಾನ ಬಂದಿದೆ. ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ಅಳಿಯನಾಗುವವನೇ ತೀರ್ಮಾನಿಸಬೇಕು. ರಾಜಕುಮಾರಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ. ತಪ್ಪಿದವನ ತಲೆ ಹೋಗುತ್ತದೆ."

ಕುಂತಗಿರಿಯಲ್ಲಿ ಹೀಗೆ ಡಂಗುರ ಸಾರಿದರು. ಷರತ್ತು ಕ್ರೂರವಾದರೂ ನ್ಯಾಯವಾಗಿತ್ತು. ತಪ್ಪು ಊಹೆಗೆ ದೊರೆ ಪ್ರಾಣ ತೆರುವುದಾದರೆ, ಊಹಿಸಿದವನೂ ಪಣ ಇಡಬೇಕಲ್ಲ.

ಆ ಆಸ್ಥಾನದಲ್ಲಿ ಸೊಂಟದ ಕೆಳಗಿನ ಯಾವುದನ್ನೂ ಬಾಯಿಬಿಟ್ಟು ಹೇಳುವಂತಿರಲಿಲ್ಲ. ಅದು ತಲೆತಲಾಂತರದ ಕಟ್ಟಳೆ. ದೊರೆಯೂ ತನ್ನ ತೊಂದರೆಯನ್ನು ಬಹಳ ಕಾಲ ನುಂಗಿಕೊಂಡಿದ್ದ.

ಹೊನ್ನಾಂಬೆ ಕೇಳಿದಳು: "ಗಂಡಸಿಗೆ ಮಾತ್ರ ಇರುವುದು. ಹರೆಯದಲ್ಲಿ ನೆಲ್ಲಿಕಾಯಿ, ಮುಪ್ಪಿನಲ್ಲಿ ನಿಂಬೆಹಣ್ಣು. ಅದು ಹಿಗ್ಗಿದರೆ ನೀರಿನ ದಾರಿ ಕುಗ್ಗುತ್ತದೆ. ಏನದು?"

ಮೊದಲು ಬಂದ ಪಾಳೆಯಗಾರನ ಮಗ ಮೀಸೆ ತೀಡಿ, "ಶೌರ್ಯ" ಎಂದ. ಅವನನ್ನು ಎಳೆದೊಯ್ದರು. ಎರಡನೆಯವನು ಪಂಡಿತರ ಮಗ. ಉತ್ತರ ಅವನ ನಾಲಿಗೆಯ ತುದಿಯಲ್ಲೇ ಇತ್ತು. ಸಭೆಯತ್ತ ನೋಡಿ ಕಿವಿ ಕೆಂಪಾಗಿಸಿಕೊಂಡು, "ಗಂಟಲಿನ ಗಂಟು" ಎಂದುಬಿಟ್ಟ. ಅವನನ್ನೂ ಎಳೆದೊಯ್ದರು.

ಮೂರನೆಯವನು ಕೆಂಚ, ಕತ್ತೆಗಳ ಮೇಲೆ ಉಪ್ಪು ಹೇರಿ ಊರೂರು ತಿರುಗುವವನು.

"ಕತ್ತೆಯನ್ನು ಹೊರಗೆ ಕಟ್ಟಿದೆಯೋ, ಒಳಗೇ ಬಂದಿತೋ?" ಎಂದು ಆಸ್ಥಾನವೈದ್ಯ ಪದ್ಮನಾಭ ನಕ್ಕ.

"ಕಟ್ಟಿ ಬಂದೆ ಸ್ವಾಮಿ. ಇಲ್ಲಿ ಆಗಲೇ ಜಾಗ ತುಂಬಿತ್ತು," ಎಂದ ಕೆಂಚ. ಆಮೇಲೆ ರಾಜಕುಮಾರಿಯ ಕಡೆ ತಿರುಗಿದ. "ದೊರೆಸಾನಿ, ಉಚ್ಚೆಯ ಚೀಲದ ಕೆಳಗೆ, ಅದರ ಕೊಳವೆಯನ್ನು ಬಳಸಿ ಕೂತ ಗ್ರಂಥಿ ಅದು."

ಸಭೆ ತಲೆ ತಗ್ಗಿಸಿತು. ಹೊನ್ನಾಂಬೆ ತಗ್ಗಿಸಲಿಲ್ಲ.

"ಸರಿ. ಆ ಮನೆಗೆ ಕಳ್ಳ ನುಗ್ಗಿದರೆ ಊರ ಹೊಳೆಯಲ್ಲಿ ಒಂದು ಗುರುತು ಹೆಚ್ಚು ತೇಲುತ್ತದೆ. ಮನೆ ದೊಡ್ಡದಾದರೂ, ಒಳಗೆ ಬೆಂಕಿ ಬಿದ್ದರೂ ಅದೇ ಗುರುತು. ಏನದು?"

"ಹೊಳೆ ಅಂದರೆ ರಕ್ತ. ಗುರುತು ಆ ಗ್ರಂಥಿಯಿಂದಲೇ ಸೋರಿ ಬರುವ ಸತ್ವ. ಕೆಟ್ಟ ಗಂಟಾದರೆ ಏರುತ್ತದೆ. ಬರೀ ಊದಿಕೊಂಡರೂ, ಕೀವಾದರೂ ಏರುತ್ತದೆ."

"ನಿನಗೆ ಹೇಗೆ ಗೊತ್ತು?"

"ನಮ್ಮಪ್ಪನಿಗೆ ಬಂದಿತ್ತು. ನಾಚಿಕೊಂಡು ಹೇಳಲಿಲ್ಲ. ವೈದ್ಯರ ಹತ್ತಿರ ಹೊತ್ತೊಯ್ದಾಗ ಬೆನ್ನುಮೂಳೆಗೆ ಹತ್ತಿತ್ತು. ಇದನ್ನೆಲ್ಲ ಆ ವೈದ್ಯರೇ ಹೇಳಿದ್ದು."

ಸಿಂಹಾಸನದ ಮೇಲೆ ದೊರೆ ಮಿಸುಕಿದ.

"ಕೊನೆಯದು," ಎಂದಳು ಹೊನ್ನಾಂಬೆ. "ಆ ಗುರುತಿನ ಕಣಗಳಲ್ಲಿ ಕೆಲವು ಜೊತೆಗಾರನ ಕೈ ಹಿಡಿದು ಸಾಗುತ್ತವೆ, ಕೆಲವು ಒಂಟಿಯಾಗಿ. ಅಪ್ಪನ ರಕ್ತದಲ್ಲಿ ಗುರುತು ಏರಿದೆ, ಒಂಟಿಗಳ ಪಾಲು ಇಳಿದಿದೆ. ನಾಳೆಯೇ ಗ್ರಂಥಿಯನ್ನು ಕೊಯ್ದು ತೆಗೆಯುತ್ತೇನೆ ಎನ್ನುತ್ತಾರೆ ವೈದ್ಯರು. ಅಪ್ಪನಿಗೆ ಕೆಟ್ಟ ಗಂಟು ಇದೆಯೋ, ಇಲ್ಲವೋ?"

ತಲೆ ಕಡಿಯಲು ನಿಂತಿದ್ದ ತಳವಾರ ಕತ್ತಿಯ ಹಿಡಿಗೆ ಕೈ ಹಾಕಿದ. ಇದೆ ಎಂದರೆ ವೈದ್ಯ ಮೆಚ್ಚುತ್ತಿದ್ದ, ಇಲ್ಲ ಎಂದರೆ ದೊರೆ. ಕೆಂಚ ಒಂದು ಹೆಜ್ಜೆ ಮುಂದೆ ಬಂದ.

"ಎರಡನ್ನೂ ಹೇಳಲಾರೆ, ದೊರೆಸಾನಿ."

"ಹೇಳದಿದ್ದರೆ ಸಾಯುತ್ತೀಯ."

"ಸುಳ್ಳು ಹೇಳಿದರೆ ದೊರೆ ಸಾಯಬಹುದು. ಒಂಟಿಗಳ ಪಾಲು ಇಳಿದರೆ ಅನುಮಾನ ಹೆಚ್ಚು, ಅಷ್ಟೇ. ಟೊಳ್ಳು ಸೂಜಿಯಿಂದ ಗ್ರಂಥಿಯ ಚೂರುಗಳನ್ನು ತೆಗೆದು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಕೊಯ್ಯುವುದೂ ಬೇಡ, ಏನೂ ಇಲ್ಲವೆಂದು ಕೈಚೆಲ್ಲಿ ಕೂರುವುದೂ ಬೇಡ."

"ಇದೂ ಒಂದು ಉತ್ತರವೇ?" ಎಂದ ಪದ್ಮನಾಭ.

"ಇದೇ ಉತ್ತರ," ಎಂದಳು ಹೊನ್ನಾಂಬೆ. ತಳವಾರನಿಗೆ ಹಿಂದೆ ಸರಿಯಲು ಸನ್ನೆ ಮಾಡಿದಳು.

ಗ್ರಂಥಿಗೆ ಈಗಿನವರು ಪ್ರಾಸ್ಟೇಟ್ ಎನ್ನುತ್ತಾರೆ, ಗುರುತಿಗೆ ಪಿಎಸ್‌ಎ, ರಕ್ತದ ಬೇರೆ ಸತ್ವಕ್ಕೆ ಅಂಟದ ಒಂಟಿಗಳಿಗೆ ಫ್ರೀ ಪಿಎಸ್‌ಎ, ಕೆಟ್ಟ ಗಂಟಿಗೆ ಕ್ಯಾನ್ಸರ್. ಸೂಜಿಯ ಚೂರಿನಲ್ಲಿ ಅದು ಸಿಕ್ಕಿತು. ಒಂದು ಮೂಲೆಯಲ್ಲಿ, ಚಿಕ್ಕದಾಗಿ, ಇನ್ನೂ ಆಚೆ ಹರಡದೆ. ಆಗ ಮಾತ್ರ ಕೆಂಚ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟ. ದೊರೆ ಎದ್ದು ಓಡಾಡುವಂತಾದ ಮೇಲೆ ಮಗಳನ್ನೂ ಅರ್ಧ ರಾಜ್ಯವನ್ನೂ ಅವನಿಗೆ ಕೊಟ್ಟ.

ಧಾರೆಯ ದಿನ ದೊರೆ ಅಳಿಯನ ಕಿವಿಯಲ್ಲಿ ಕೇಳಿದ: "ನಿಮ್ಮಪ್ಪನನ್ನು ನೋಡುವ ವೈದ್ಯರು ಯಾರೂ ಇರಲಿಲ್ಲವೇನಪ್ಪಾ?"

"ಇದ್ದರು, ಬುದ್ಧಿ. ಅಪ್ಪ ತಾನಾಗಿ ಹೋಗಲಿಲ್ಲ."

ದೊರೆ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ವಾಲಗ ಶುರುವಾಯಿತು. ಉಂಡವರು ಉಂಡರು, ಹೊರಟವರು ಹೊರಟರು, ಕತೆ ಕೇಳಿದವರು ಬದುಕು ನೋಡಿಕೊಂಡರು.