ಬಿಸಿಲು ಕುಡಿದ ಕೊಡೆ

ಡಾಕ್ಟರ ಮೇಜಿನ ಅಂಚಿಗೆ ತೂಗುಹಾಕಿದ್ದ ಹಳೆಯ ಕೊಡೆಯೊಂದು ಮೇಜಿನ ಮೇಲಿದ್ದ ಸ್ಟೆತಾಸ್ಕೋಪಿಗೆ ಹೇಳಿತು: "ನಾನು ಅಂಬುಜಾಕ್ಷಿ ಟೀಚರ ಕೊಡೆ. ಸೊಸೆ ಬಿಸಿಲಿಗೆ ಕಪ್ಪಾದಾಳೆಂದು ಅವರ ಅತ್ತೆ ಮದುವೆಯ ಮರುದಿನವೇ ನನ್ನನ್ನು ತಂದುಕೊಟ್ಟರು. ಮೂವತ್ತು ವರ್ಷದಿಂದ ಒಂದೇ ಒಂದು ಕಿರಣ ಅವರ ಮೈ ಮುಟ್ಟಲು ನಾನು ಬಿಟ್ಟಿಲ್ಲ. ನನ್ನಂಥ ಕಾವಲುಗಾರ ಈ ಊರಲ್ಲಿ ಇನ್ನೊಬ್ಬನಿಲ್ಲ."

"ನಾನು ಈಗತಾನೆ ಅವರ ಎದೆಬಡಿತ ಕೇಳಿದೆ," ಎಂದಿತು ಸ್ಟೆತಾಸ್ಕೋಪು. "ನಾಲ್ಕು ಮೆಟ್ಟಿಲು ಹತ್ತಿದ್ದಕ್ಕೇ ಗುಂಡಿಗೆ ದಣಿದುಹೋಗಿದೆ. ರಕ್ತದಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಂತೆ. ಅದು ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಾಣುತ್ತದೆ ಎಂದು ಡಾಕ್ಟರು ಹೇಳುತ್ತಿದ್ದರು."

"ಅದಕ್ಕೂ ನನಗೂ ಏನು ಸಂಬಂಧ?"

"ಕಪ್ಪಗಿದ್ದ ನಿನ್ನ ಬಟ್ಟೆ ಹೇಗೆ ಬಣ್ಣಗೆಟ್ಟಿದೆ, ನೋಡಿಕೋ. ಅವರ ಪಾಲಿನ ಬಿಸಿಲನ್ನೆಲ್ಲ ನೀನೇ ಕುಡಿದುಬಿಟ್ಟಿದ್ದೀಯ."

ಕೊಡೆಗೆ ಸಿಟ್ಟು ನೆತ್ತಿಗೇರಿತು.

ಅಷ್ಟರಲ್ಲಿ ಡಾಕ್ಟರು ಒಳಕೋಣೆಯಿಂದ ಟೀಚರೊಂದಿಗೆ ಹೊರಬಂದರು. "ಮಾತ್ರೆ ತಪ್ಪಿಸಬೇಡಿ ಟೀಚರೇ. ದಿನಾ ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಧಾನವಾಗಿ ನಡೆಯಿರಿ. ಕೊಡೆ ಮಾತ್ರ ಬಿಚ್ಚಬೇಡಿ," ಎಂದರು.

ಹೊಸ್ತಿಲು ದಾಟಿದ ಟೀಚರು ರೂಢಿಯಂತೆ ಕೊಡೆ ಬಿಚ್ಚಲು ಹೋಗಿ ಕೈ ತಡೆದರು. ಮಡಚಿದ ಕೊಡೆಯನ್ನೇ ಊರುಗೋಲು ಮಾಡಿಕೊಂಡು, ಬಿಸಿಲಿಗೆ ಮುಖವೊಡ್ಡಿ ಹೆಜ್ಜೆಯಿಟ್ಟರು.

ಕೊಡೆ ನೆಲವನ್ನು ಟಕಟಕ ಕುಟ್ಟುತ್ತ, ಬೀದಿ ಬದಿಯಲ್ಲಿ ಒಣಗಲು ಹರಡಿದ್ದ ಹಪ್ಪಳಗಳಿಗೆಲ್ಲ ಕೇಳುವಂತೆ ಸಾರಿತು: "ದಾರಿ ಬಿಡಿ! ಟೀಚರನ್ನು ಬಿಸಿಲಿಗೆ ಕರೆದುಕೊಂಡು ಹೊರಟವನು ನಾನು. ನನ್ನಂಥ ವೈದ್ಯ ಈ ಊರಲ್ಲಿ ಇನ್ನೊಬ್ಬನಿಲ್ಲ!"